ಮೊದಲ ಲೋಟ

ಮಾರ್ಚ್ 9

ಅಕ್ಕಾ,

ಗೆದ್ದೆವು, ಗೆದ್ದೆವು, ನಾನೂರ ಹನ್ನೊಂದು ಮತಗಳಿಂದ ಗೆದ್ದುಬಿಟ್ಟೆವು! ಇವರು ಈಗ ನಗರಸಭೆಯ ಮೆಂಬರ್. ಇಪ್ಪತ್ತೇಳು ವರ್ಷದ ಮೆಂಬರ್! ನಮ್ಮ ಯುವಬಣದಿಂದ ನಿಂತಿದ್ದು ಒಂಬತ್ತು ಜನ, ಗೆದ್ದಿದ್ದು ಆರು ಜನ, ಒಬ್ಬರಿಗೂ ಮೂವತ್ತು ತುಂಬಿಲ್ಲ. ಮದುವೆಯಾಗಿ ಇವತ್ತಿಗೆ ಹನ್ನೊಂದು ದಿನ. ಅದರಲ್ಲಿ ಒಂಬತ್ತು ದಿನ ನಾನು ಮನೆಮನೆ ಮೆಟ್ಟಿಲು ಹತ್ತಿ ಚೀಟಿ ಹಂಚಿದ್ದೇನೆ. ಹನಿಮೂನ್ ಎಲ್ಲಿ ಎಂದು ಯಾರಾದರೂ ಕೇಳಿದರೆ "ಏಳನೇ ವಾರ್ಡಿನಲ್ಲಿ" ಎನ್ನುತ್ತೇನೆ.

ಇಂಗ್ಲಿಷ್ ಮೀಡಿಯಂನಲ್ಲಿ ಓದಿದವಳು ಗಂಡನನ್ನು "ಇವರು" ಎಂದು ಬರೆಯುತ್ತಿದ್ದೇನೆ, ನಗಬೇಡ. ನನಗೇ ನಗು ಬರುತ್ತದೆ. ಆದರೂ ಬರೆಯಲು ಎಷ್ಟು ಚೆನ್ನಾಗಿದೆ! ಇವರು, ಇವರು, ಇವರು.

ನಮ್ಮ ವಾರ್ಡಿನ ಕೊನೆಯ ಕಸದ ಗುಡ್ಡ ನೀನು ನೋಡಿಲ್ಲ. ಮೂರು ಮಹಡಿಯಷ್ಟು ಎತ್ತರ, ಹಗಲೆಲ್ಲ ಹೊಗೆ. ಒಣಹಾಕಿದ ಬಿಳಿ ಅಂಗಿ ಸಂಜೆಗೆ ಬೂದಿಬಣ್ಣ. ಶಾಲೆಯಲ್ಲಿ ಹಾಜರಿ ಕರೆದರೆ ಅರ್ಧ ಮಕ್ಕಳು ಕೆಮ್ಮಿನಲ್ಲೇ "ಪ್ರೆಸೆಂಟ್" ಹೇಳುತ್ತವೆ. ಇಪ್ಪತ್ತೆರಡು ವರ್ಷ ಮೆಂಬರ್ ಆಗಿದ್ದವರು ಅದರ ಕಡೆ ತಿರುಗಿ ನೋಡಲಿಲ್ಲ. ನಾವು ನೂರು ದಿನದಲ್ಲಿ ಆ ಗುಡ್ಡಕ್ಕೆ ಬೀಗ ಹಾಕುತ್ತೇವೆ. ಆಣೆ ಮಾಡಿ ಹೇಳಿದ್ದೇವೆ.

ಇನ್ನೊಂದು ಗುಟ್ಟು. ಪ್ರಚಾರದಲ್ಲಿ ಇವರು ಹೇಳಿದ ಅತಿ ಒಳ್ಳೆಯ ಮಾತು ನಿನ್ನದು! ನೀನು ಕೈಪಂಪು ರಿಪೇರಿ ಮಾಡಿದ ಮೇಲೆ ಬಂದ ನೀರಿನ ಮೊದಲ ಲೋಟ ಎಲ್ಲರ ಎದುರು ನೀನೇ ಕುಡಿಯುತ್ತೀಯ, ಆಮೇಲೆಯೇ ಬೇರೆಯವರ ಕೊಡ ಇಡಲು ಬಿಡುತ್ತೀಯ ಎಂದು ನಾನು ಹೇಳಿದ್ದೆ. ಇವರು ಕಣ್ಣರಳಿಸಿ ಕೇಳಿದರು. ಮರುದಿನ ವೇದಿಕೆಯ ಮೇಲೆ, "ಮೊದಲ ಲೋಟ ನಾವು ಕುಡೀತೀವಿ, ಆಮೇಲೆ ನಿಮಗೆ ಕೊಡ್ತೀವಿ!" ಚಪ್ಪಾಳೆಯೋ ಚಪ್ಪಾಳೆ. ಈಗ ಅದೇ ನಮ್ಮ ಬಣದ ಘೋಷಣೆ.

ಮುಂದಿನ ವಾರ ಇಬ್ಬರೂ ಬರುತ್ತೇವೆ, ಖಂಡಿತ.

ನಿನ್ನ
ಬೊಗಳೆ (ಈಗ ಮೆಂಬರ್ ಹೆಂಡತಿ, ಮರ್ಯಾದೆ ಕೊಡು!)


ಮಾರ್ಚ್ 20

ಪ್ರೀತಿಯ ಬೊಗಳೆ,

ಕಾಗದ ತಲುಪಿತು. ಲೈನ್ ಮನೆಗಳ ಇಪ್ಪತ್ತೆರಡು ಬಾಗಿಲಿಗೂ ಕೇಳುವ ಹಾಗೆ ಓದಿದೆ. ಉಳಿ ತಾತ ಕಲ್ಲಿನ ಮೇಲೆ ಕೂತು ಪೂರ್ತಿ ಕೇಳಿ, "ಆ ಹುಡುಗಿ ಕಾಗದದಲ್ಲೂ ಉಸಿರು ತಗೊಳ್ಳಲ್ವಲ್ಲೇ" ಅಂದ. ಅಪ್ಪನ ಜೊತೆ ಕ್ವಾರಿಯಲ್ಲಿ ಕಲ್ಲು ಒಡೆದವರಲ್ಲಿ ಈಗ ಉಳಿದಿರುವುದು ಅವನೊಬ್ಬನೇ. ಅವನಿಗೆ ನಿನ್ನ ಸುದ್ದಿ ಅಂದರೆ ಅವನ ಮಗಳದೇ ಸುದ್ದಿ.

ನಿನ್ನವರು ಗೆದ್ದ ದಿನವೇ ಮೂರನೇ ಮನೆಯವಳಿಗೆ ಹೆಣ್ಣು ಮಗು ಆಯಿತು. ಅವಳೂ ಗೆದ್ದಳು ಅನ್ನು.

ನೂರು ದಿನ ಎಂದು ಯಾಕೆ ಹೇಳಿದಿರಿ? ಪಂಪು ಬಿಚ್ಚಿ ನೋಡುವ ಮೊದಲು ಎಷ್ಟು ಹೊತ್ತು ಹಿಡಿಯುತ್ತದೆ ಎಂದು ನಾನು ಯಾರಿಗೂ ಹೇಳುವುದಿಲ್ಲ. ಇನ್ನೊಂದು ಕೇಳಬೇಕು. ಗುಡ್ಡಕ್ಕೆ ಬೀಗ ಹಾಕಿದ ಮರುದಿನದ ಕಸ ಎಲ್ಲಿ ಹಾಕುತ್ತೀರಿ? ಜನ ತಿನ್ನುವುದು ಬಿಡುವುದಿಲ್ಲವಲ್ಲ.

ಮುಂದಿನ ವಾರ ಬರುತ್ತೇವೆ ಎಂದಿದ್ದೆ, ಬರಲಿಲ್ಲ. ರೈಲಿನಲ್ಲಿ ಎರಡು ಗಂಟೆ, ಅಷ್ಟೇ. ಸಿಗ್ನಲ್ ಇಲ್ಲದ ಊರು ಲೋಕದ ಆಚೆಗೇನೂ ಇಲ್ಲ.

ನಿನ್ನ ಅಕ್ಕ


ಏಪ್ರಿಲ್ 6

ಅಕ್ಕಾ, ನನ್ನ ಚಿನ್ನದ ಅಕ್ಕಾ,

ಬೈಯಬೇಡ. ಉಸಿರಾಡಲು ಪುರುಸೊತ್ತಿಲ್ಲ! ನಗರಸಭೆಯ ಗೇಟಿನ ಪಕ್ಕ ನಾವು ಒಂದು ದೊಡ್ಡ ಹಲಗೆ ನಿಲ್ಲಿಸಿದ್ದೇವೆ. ಅದರ ಮೇಲೆ ಇವರು ಪ್ರಮಾಣವಚನ ತೆಗೆದುಕೊಂಡ ದಿನದಿಂದ ಇದು ಎಷ್ಟನೇ ದಿನ ಎಂಬ ಅಂಕಿ. ಪ್ರತಿ ಬೆಳಿಗ್ಗೆ ಎಂಟಕ್ಕೆ ನಾನೇ ಹೋಗಿ ಬದಲಿಸುತ್ತೇನೆ. ಇವತ್ತು 23. ಬಸ್ಸಿನಲ್ಲಿ ಹೋಗುವವರು ಕಿಟಕಿಯಿಂದ ಕೈ ಹೊರಗೆ ಹಾಕಿ "ಇನ್ನೆಷ್ಟಮ್ಮಾ?" ಎಂದು ಕೂಗುತ್ತಾರೆ. ನಾನು "ಎಪ್ಪತ್ತೇಳು!" ಎಂದು ಕೂಗುತ್ತೇನೆ. ಕಾಲೇಜಿನ ಹುಡುಗಿಯರು ಬಂದು ಹಲಗೆಯ ಪಕ್ಕ ಫೋಟೊ ತೆಗೆಸಿಕೊಳ್ಳುತ್ತಾರೆ. ಒಬ್ಬಳು, "ನಂಗೂ ಎಲೆಕ್ಷನ್ನಿಗೆ ನಿಲ್ಬೇಕು ಅನ್ಸುತ್ತೆ ಅಕ್ಕ" ಅಂದಳು. ನಮ್ಮನ್ನು ನೋಡಿ ಒಬ್ಬಳಿಗೆ ಹಾಗನ್ನಿಸಿದರೆ ಸಾಲದೇ?

ಕಸ ಎಲ್ಲಿ ಹಾಕುತ್ತೀರಿ ಎಂದು ಕೇಳಿದ್ದೆಯಲ್ಲ, ಉತ್ತರ ಸಿಕ್ಕಿದೆ! ಹಸಿ ಕಸವೆಲ್ಲ ಗೊಬ್ಬರ, ಒಣ ಕಸ ಬೇರೆ ಬೇರೆ ಕಾರ್ಖಾನೆಗೆ. ನಕ್ಷೆ, ಯೋಜನೆ ಎಲ್ಲ ನಮ್ಮವರೇ ಮಾಡಿದ್ದಾರೆ. ಕಟ್ಟಲು ಮಾತ್ರ ಎರಡು ವರ್ಷ ಬೇಕಂತೆ. ಅಲ್ಲಿಯವರೆಗೆ ತಾತ್ಕಾಲಿಕವಾಗಿ ಊರಿಂದ ದೂರ ನಗರಸಭೆಯದೇ ಒಂದು ಪಾಳು ಜಮೀನಿದೆ, ಸರ್ವೆ ನಂಬರ್ 41. ಬರೀ ಬಂಡೆ, ಸುತ್ತ ಯಾರೂ ಇಲ್ಲ. ವಿಚಿತ್ರ ಏನೆಂದರೆ ಅದನ್ನು ತೋರಿಸಿಕೊಟ್ಟವರು ಆ ಹಳೆಯ ಮೆಂಬರೇ. "ಮಕ್ಕಳು ಗೆದ್ದಿದ್ದೀರಿ, ನಮ್ಮ ಕಡೆಯಿಂದ ಒಂದು ಉಡುಗೊರೆ" ಎಂದು ನಕ್ಕರು. ನೋಡಿದೆಯಾ, ಹಳಬರೂ ಬದಲಾಗುತ್ತಾರೆ!

ಮತ್ತೆ ಕೇಳು. ನಾನು ಈಗ ಯುವ ಸಲಹಾ ಸಮಿತಿಯ ಕಾರ್ಯದರ್ಶಿ. ಮದುವೆಯ ರಿಜಿಸ್ಟರಿನ ನಂತರ ನಾನು ಹಾಕಿದ ಮೊದಲ ಸರ್ಕಾರಿ ಸಹಿ ಯಾವುದು ಗೊತ್ತಾ? "ಸ್ಥಳ ಪರಿಶೀಲಿಸಲಾಗಿದೆ, ಜನವಸತಿ ಇರುವುದಿಲ್ಲ." ಪರಿಶೀಲನೆಗೆ ಹೊರಟಿದ್ದ ದಿನ ಜೀಪು ಸಿಗಲಿಲ್ಲ. ಇಂಜಿನಿಯರ್ ಹಳೆಯ ನಕ್ಷೆ ಹರಡಿ, "ನೋಡಿ ಮೇಡಂ, ಖಾಲಿ. ಬಂಡೆ ನೋಡೋಕೆ ಹೋಗಿ ಹೊಸ ಚಪ್ಪಲಿ ಯಾಕೆ ಹಾಳು ಮಾಡ್ಕೋತೀರಾ" ಅಂದರು. ನಕ್ಷೆಯಲ್ಲಿ ನಿಜವಾಗಿಯೂ ಬಿಳಿ ಜಾಗ. ಮೂರು ಪ್ರತಿಗೂ ಸಹಿ ಮಾಡಿದೆ, ನೀನು ಕಲಿಸಿದ ಹಾಗೆ ಕೊನೆಗೆ ಬಾಲ ಎಳೆದು, ಚುಕ್ಕೆ ಇಟ್ಟು!

ಮೂರನೇ ಮನೆಯ ಪಾಪುವಿಗೆ ಮುತ್ತು. ನೋಡಲು ಬಂದೇ ಬರುತ್ತೇನೆ.

ನಿನ್ನ
ಬೊಗಳೆ, ಕಾರ್ಯದರ್ಶಿ


ಏಪ್ರಿಲ್ 29

ಬೊಗಳೆ,

ಸೋಮವಾರದಿಂದ ಲಾರಿಗಳು ಬರುತ್ತಿವೆ. ದಿನಕ್ಕೆ ಹನ್ನೆರಡು, ಹದಿಮೂರು. ಎಲ್ಲಿಗೆ ಎಂದು ಹೇಳುತ್ತೇನೆ, ಕೂತುಕೊಂಡು ಓದು. ಕಪ್ಪೆಗುಂಡಿಗೆ.

ಕಪ್ಪೆಗುಂಡಿ ಕಣೆ. ಅಪ್ಪನ ಕಾಲದಲ್ಲಿ ಕಲ್ಲು ತೆಗೆದು ತೆಗೆದು ಆದ ಗುಂಡಿ. ನೀನು ಈಜು ಕಲಿತದ್ದು ಅಲ್ಲಿ. ನಮ್ಮ ಪಂಪಿನಿಂದ ಕೂಗಿದರೆ ಕೇಳುವಷ್ಟು ದೂರ. ಅದಕ್ಕೆ ನಂಬರ್ ಇದೆ ಎಂದು ನನಗೂ ಗೊತ್ತಿರಲಿಲ್ಲ. ನಲವತ್ತೊಂದಂತೆ.

ಮೊದಲ ಲಾರಿಯನ್ನು ನಾವು ಅಡ್ಡಗಟ್ಟಿದೆವು. ಡ್ರೈವರ್ ಕೆಟ್ಟವನಲ್ಲ. ಕಾಗದ ತೆಗೆದು ತೋರಿಸಿದ. "ಇಲ್ಲಿ ಯಾರೂ ಇಲ್ಲ ಅಂತ ಬರ್ದಿದೆ ಕಣ್ರೀ" ಅಂದ. ಉಳಿ ತಾತ ಮುಂದೆ ಬಂದು, "ಹಂಗಾದ್ರೆ ನಾನ್ಯಾರಪ್ಪಾ, ದೆವ್ವಾನಾ? ಮುಟ್ಟಿ ನೋಡು" ಎಂದು ಕೈ ಚಾಚಿದ. ಎಲ್ಲರೂ ನಕ್ಕರು. ನಾನು ನಗಲಿಲ್ಲ, ಯಾಕೆಂದರೆ ಕಾಗದದ ಕೆಳಗೆ ನೋಡುತ್ತಿದ್ದೆ. ಬಾಲ ಎಳೆದು ಚುಕ್ಕೆ ಇಡುವವಳು ಈ ಲೋಕದಲ್ಲಿ ಒಬ್ಬಳೇ.

"ಸಹಿ ಯಾರದ್ದೇ?" ಎಂದು ತಾತ ಕೇಳಿದ. ಗೊತ್ತಿಲ್ಲ ಅಂದೆ. ಅವನಿಗೆ ಓದಲು ಬರುವುದಿಲ್ಲ.

ಲೈನ್ ಮನೆಗಳನ್ನು ಕ್ವಾರಿ ಕಂಪನಿ ಕಟ್ಟಿಸಿತ್ತು, ಎಲ್ಲಿಯೂ ಬರೆಸಲಿಲ್ಲ. ಅದಕ್ಕೆ ನಕ್ಷೆಯಲ್ಲಿ ಬಿಳಿ. ನೀನು ಹುಟ್ಟಿದ್ದು ಆ ಬಿಳಿಯಲ್ಲಿ.

ಬಂದು ನೋಡು. ಇನ್ನೇನೂ ಬರೆಯುವುದಿಲ್ಲ.

ಅಕ್ಕ


ಮೇ 3

ಅಕ್ಕಾ,

ನಿನ್ನ ಕಾಗದ ಓದಿ ಬಚ್ಚಲಿನಲ್ಲಿ ನಲ್ಲಿ ಬಿಟ್ಟುಕೊಂಡು ಅತ್ತೆ. ನೆಲದ ಮೇಲೆ ಕೂತು ಅತ್ತೆ. ಸರ್ವೆ ನಂಬರ್ ಎಂದರೆ ಬೇರೆಲ್ಲೋ ಇರುವ ಜಾಗ ಎಂದೇ ನಾನು ತಿಳಿದಿದ್ದೆ. ನಮ್ಮ ಕಪ್ಪೆಗುಂಡಿಗೆ ನಂಬರ್ ಇರುತ್ತದೆ ಎಂದು ಯಾರಿಗೆ ಹೊಳೆಯುತ್ತದೆ, ಹೇಳು?

ಇವರು ಬಾಗಿಲು ಬಡಿದು ಒಳಗೆ ಬಂದರು, ಒದ್ದೆ ನೆಲದ ಮೇಲೆಯೇ ನನ್ನ ಪಕ್ಕ ಕೂತರು, ಅವರೂ ಅತ್ತರು. ಕೆಟ್ಟವರಲ್ಲ ಅಕ್ಕಾ. ಎಲ್ಲ ವಿವರಿಸಿದರು. ಬರೀ ಒಣ ಕಸವಂತೆ. ಗುಂಡಿಗೆ ಮೊದಲೇ ದಪ್ಪ ಪ್ಲಾಸ್ಟಿಕ್ ಹಾಸುತ್ತಾರಂತೆ. ಮೂರೇ ತಿಂಗಳು, ಆಮೇಲೆ ಎಲ್ಲ ತೆಗೆದು ಗಿಡ ನೆಡುತ್ತಾರಂತೆ. ತಪ್ಪು ತಿದ್ದುಪಡಿ ಮಾಡಿಸೋಣ, ನೂರನೇ ದಿನ ಮುಗಿಯಲಿ, ಈಗ ಬಾಯಿ ಬಿಟ್ಟರೆ ಹಳಬರು ಕೈ ತಟ್ಟಿ ನಗುತ್ತಾರೆ ಎಂದರು. "ಅಲ್ಲಿ ಇಪ್ಪತ್ತೆರಡು ಮನೆ, ಇಲ್ಲಿ ಹನ್ನೊಂದು ಸಾವಿರ ಮನೆ. ನೀನೇ ಹೇಳು, ನಾನೇನ್ ಮಾಡ್ಲಿ?" ಎಂದು ಕೇಳಿದರು. ಹಾಗೆ ಕೇಳಿದಾಗ ಅವರ ಮುಖ ಚಿಕ್ಕ ಮಗುವಿನ ಮುಖದಂತಿತ್ತು.

ಈ ಭಾನುವಾರ ಬರುತ್ತೇನೆ. ಆಣೆ. ನಾನೇ ತಾತನ ಕಾಲು ಹಿಡಿಯುತ್ತೇನೆ.

ನಿನ್ನ ಬೊಗಳೆ


ಮೇ 19

ಬೊಗಳೆ,

ಭಾನುವಾರ ಸ್ಟೇಷನ್ನಿಗೆ ಹೋಗಿದ್ದೆ. ರೈಲು ಬಂತು, ಇಬ್ಬರು ಇಳಿದರು, ಹೋಯಿತು. ಮುಂದಿನ ಭಾನುವಾರ ಹೋಗಲಿಲ್ಲ.

ಪ್ಲಾಸ್ಟಿಕ್ ಹಾಸಿದ್ದು ನಾನು ನೋಡಲಿಲ್ಲ. ಒಣ ಕಸವೂ ನೋಡಲಿಲ್ಲ. ಆಸ್ಪತ್ರೆಯ ಚೀಲಗಳೂ ಬರುತ್ತವೆ. ಹೋದ ವಾರ ಜೋರು ಮಳೆ ಬಿತ್ತು. ಮೂರು ದಿನ ಬಿಟ್ಟು ಪಂಪಿನ ನೀರು ಹಳದಿಗೆ ತಿರುಗಿತು, ಒದ್ದೆ ಗೋಣಿಚೀಲದ ವಾಸನೆ. ಬಿಚ್ಚಿದೆ. ವಾಷರ್ ಸರಿ ಇದೆ, ಸಿಲಿಂಡರ್ ಸರಿ ಇದೆ, ಪೈಪಿನಲ್ಲಿ ತೂತಿಲ್ಲ. ಇಪ್ಪತ್ತು ವರ್ಷದಲ್ಲಿ ಮೊದಲ ಸಲ ಪಂಪಿನಲ್ಲಿ ಏನೂ ಕೆಟ್ಟಿಲ್ಲ, ನೀರೇ ಕೆಟ್ಟಿದೆ. ಮೊದಲ ಲೋಟ ಕುಡಿಯಲಿಲ್ಲ. ಹಿಡಿಗೆ ಸರಪಳಿ ಹಾಕಿ ಬೀಗ ಹಾಕಿದೆ.

ಈಗ ಎಲ್ಲರೂ ಸ್ಟೇಷನ್ನಿನ ನಲ್ಲಿಗೆ ಹೋಗುತ್ತಾರೆ. ಹೋಗಲು ನಲವತ್ತು ನಿಮಿಷ, ಕೊಡ ಹೊತ್ತು ಬರಲು ಇನ್ನೂ ಹೆಚ್ಚು. ಮೂರನೇ ಮನೆಯವಳು ಮಗುವನ್ನು ಒಂದು ಕಂಕುಳಲ್ಲಿ, ಕೊಡವನ್ನು ಇನ್ನೊಂದರಲ್ಲಿ. ಬೀಗ ತೆಗೆ ಎಂದು ದಿನಾ ಜಗಳ. "ನೀನು ಹೇಳಿದ್ರೆ ಕುಡೀತೀವಿ, ನೀನು ಬೇಡ ಅಂದ್ರೆ ಬೇಡ, ಆದ್ರೆ ಏನಾದ್ರೂ ಒಂದು ಹೇಳು" ಎನ್ನುತ್ತಾರೆ.

ಒಂದು ಬಾಟಲಿ ನೀರು ಸ್ಟೇಷನ್ ಗುಮಾಸ್ತನ ಕೈಯಲ್ಲಿ ಕಳಿಸಿದ್ದೇನೆ. ಕೆಮ್ಮಿನ ಔಷಧದ ಬಾಟಲಿ, ಚೆನ್ನಾಗಿ ಕುದಿಸಿ ತೊಳೆದಿದ್ದೇನೆ. ಲ್ಯಾಬಿಗೆ ಕೊಡು. ಮೆಂಬರ್ ಮಾತು ನನಗೆ ಬೇಡ, ಇಂಜಿನಿಯರ್ ಮಾತೂ ಬೇಡ. ನೀನು ಬರೆ. ನೀನು ಸರಿ ಎಂದರೆ ಬೀಗ ತೆಗೆಯುತ್ತೇನೆ.

ಅಕ್ಕ


ಮೇ 29

ಅಕ್ಕಾ!

ಒಳ್ಳೆಯ ಸುದ್ದಿ, ಒಳ್ಳೆಯ ಸುದ್ದಿ! ನೀರು ಶುದ್ಧ! ವರದಿ ಇದರ ಜೊತೆಗೇ ಇಟ್ಟಿದ್ದೇನೆ, ಮೊಹರು ನೋಡು. "ಕುಡಿಯಲು ಯೋಗ್ಯ." ಬಣ್ಣ ಮಳೆಯ ಮಣ್ಣಿನದಂತೆ, ವಾಸನೆ ಹಳೆಯ ಪೈಪಿನದಂತೆ. ಮೊದಲು ಬಾಟಲಿಯದೇನೋ ಒಂದು ಸಣ್ಣ ಗೊಂದಲವಾಗಿತ್ತು, ಅದು ಬಿಡು, ಸರಿಹೋಯಿತು. ಇಂಜಿನಿಯರ್ ಅವರೇ ಬಂದು ಮತ್ತೆ ನೀರು ತೆಗೆದುಕೊಂಡು ಹೋಗಿ ಪರೀಕ್ಷೆ ಮಾಡಿಸಿದರು.

ಬೀಗ ತೆಗೆ. ಪಾಪ, ಮೂರನೇ ಮನೆಯವಳು ಅಷ್ಟು ದೂರ ನಡೆಯುವುದು ಬೇಡ.

ಇವತ್ತು ಹಲಗೆಯ ಮೇಲೆ 76. ಅವಸರದಲ್ಲಿದ್ದೇನೆ.

ಬೊಗಳೆ


ಜೂನ್ 13

ತಂಗಿಗೆ,

ನಿನ್ನ ಕಾಗದ ಜೂನ್ ಒಂದಕ್ಕೆ ಬಂತು. ಇಂಜಿನಿಯರ್ ಇಲ್ಲಿಗೆ ಬಂದದ್ದನ್ನು ಯಾರೂ ನೋಡಿರಲಿಲ್ಲ. ನಾನು ಬೇರೆ ಊರಿಗೆ ಪಂಪು ಕೆಲಸಕ್ಕೆ ಹೋದಾಗ ಬಂದಿರಬಹುದು, ಬೀಗ ಹಾಕಿದ ಪಂಪಿನಿಂದ ಹೇಗೋ ತೆಗೆದಿರಬಹುದು ಎಂದುಕೊಂಡೆ. ಬರೆದಿದ್ದು ನೀನು, ಅದಕ್ಕೆ ಹಾಗೆ ಅಂದುಕೊಂಡೆ.

ಎಲ್ಲರನ್ನೂ ಕರೆದೆ. ವರದಿ ಓದಿದೆ. ಬೀಗ ತೆಗೆದು, ನೀರು ಹೊಡೆದು, ಮೊದಲ ಲೋಟ ಕುಡಿದೆ. ನಾಲಿಗೆಗೆ ಕಹಿ. ಕೆಳಗಿಡಲಿಲ್ಲ. ಎಲ್ಲರೂ ನೋಡುತ್ತಿದ್ದರು, ಪೂರ್ತಿ ಕುಡಿದೆ. ಎರಡನೆಯ ಲೋಟ ಉಳಿ ತಾತ ಕೇಳಿದ. "ನಮ್ಮ ಹುಡುಗಿ ಕಳ್ಸಿರೋ ನೀರು ತಾನೆ, ಕೊಡು" ಅಂದ.

ಎಂಟು ಮನೆಯವರು ಮಲಗಿದರು. ನಾನೂ ಮಲಗಿದೆ. ಹೊಟ್ಟೆಯಲ್ಲಿ ಏನೂ ನಿಲ್ಲುತ್ತಿರಲಿಲ್ಲ. ಎದ್ದು ನಿಂತ ದಿನ ತಾತನನ್ನು ಮಣ್ಣು ಮಾಡಿ ಬಂದಿದ್ದರು. ಆರನೇ ತಾರೀಕು. ನನಗೆ ಅವನ ಮುಖ ನೋಡಲೂ ಸಿಗಲಿಲ್ಲ. ಮೂರನೇ ಮನೆಯ ಮಗು ಆಸ್ಪತ್ರೆಯಲ್ಲಿದೆ. ಹಾಲಿನ ಪುಡಿಯನ್ನು ಆ ನೀರಿನಲ್ಲೇ ಕಲಸಿ ಕೊಟ್ಟಿದ್ದಳಂತೆ. ಉಳಿಯುತ್ತದೆ ಎನ್ನುತ್ತಾರೆ. ಇನ್ನೂ ಅಳುವುದಿಲ್ಲ, ನೋಡುತ್ತಾ ಮಲಗಿರುತ್ತದೆ.

ನಿನ್ನೆ ಪಕ್ಕದ ಊರಿನ ಪಂಪು ಕೆಟ್ಟಿತ್ತು. ಸ್ಪ್ಯಾನರ್ ಚೀಲ ಹಿಡಿದು ಹೋದೆ. ಒಬ್ಬ ಹೆಂಗಸು ಬಾಗಿಲಲ್ಲಿ ನಿಂತು, "ನೀನು ಬೇಡಮ್ಮ, ಬೇರೆಯವರಿಗೆ ಹೇಳಿದೀವಿ" ಅಂದಳು. ಬೇರೆಯವರು ಯಾರೂ ಇಲ್ಲ. ಈ ಸುತ್ತಿನಲ್ಲಿ ನಾನೊಬ್ಬಳೇ.

ಇಪ್ಪತ್ತಮೂರನೇ ತಾರೀಕು ಬುಧವಾರ ಹನ್ನೊಂದು ಗಂಟೆಗೆ ಲೈನಿಗೆ ವಿಚಾರಣಾಧಿಕಾರಿ ಬರುತ್ತಾರೆ. ವರದಿ ಎಲ್ಲಿಂದ ಬಂತು ಎಂದು ಕೇಳುತ್ತಾರೆ. ನಾನು ನಿನ್ನ ಹೆಸರು ಹೇಳುವುದಿಲ್ಲ. ಸಿಟ್ಟಿನಿಂದಲ್ಲ, ಪ್ರೀತಿಯಿಂದಲೂ ಅಲ್ಲ. ನನಗೆ ಗೊತ್ತಿರುವುದು ನಾನು ಕುಡಿದೆ, ಕೊಟ್ಟೆ ಎಂಬುದಷ್ಟೇ. ಅದನ್ನೇ ಹೇಳುತ್ತೇನೆ.

ಅಕ್ಕ


ಜೂನ್ 19

ಅಕ್ಕ,

ನೀನು ಹೇಳಬೇಡ. ನಾನೇ ಹೇಳುತ್ತೇನೆ.

ವರದಿಗಳು ಎರಡಿದ್ದವು. ಮೊದಲನೆಯದು ನಿನ್ನ ಬಾಟಲಿಯದು: "ಕುಡಿಯಲು ಯೋಗ್ಯವಲ್ಲ." ಅದನ್ನು ಲ್ಯಾಬಿನಿಂದ ತಂದವಳು ನಾನು. ಔಷಧದ ಬಾಟಲಿ, ಲೆಕ್ಕಕ್ಕೆ ಬರುವುದಿಲ್ಲ ಎಂದರು ಇಂಜಿನಿಯರ್. ಎರಡೇ ದಿನದಲ್ಲಿ ಎರಡನೆಯ ವರದಿ ಬಂತು. "ನಾನೇ ಲೈನಿಗೆ ಹೋಗಿ ಪಂಪಿನಿಂದ ನೀರು ತಂದೆ" ಎಂದರು ಇಂಜಿನಿಯರ್.

ನಾನು ದಿನಾ ಬೆಳಿಗ್ಗೆ ಎಂಟಕ್ಕೆ ಗೇಟಿನ ಹತ್ತಿರ ಇರುತ್ತೇನೆ. ಆ ವಾರವೆಲ್ಲ ನಗರಸಭೆಯ ಜೀಪು ಹಲಗೆಯ ಪಕ್ಕವೇ ನಿಂತಿತ್ತು, ಹಿಂದಿನ ಚಕ್ರಕ್ಕೆ ಗಾಳಿ ಇರಲಿಲ್ಲ. ಅಂಕಿ ಬದಲಿಸಲು ಅದನ್ನು ಸುತ್ತಿ ಹೋಗಬೇಕಿತ್ತು. 73, 74, 75, 76. ಅಷ್ಟು ದಿನ ಸುತ್ತಿ ಹೋದೆ. ಇವರನ್ನು ಕೇಳಿದೆ, "ಜೀಪು ಇಲ್ಲೇ ಇತ್ತಲ್ಲಾ?" ಇವರು ನನ್ನ ಕೈ ಹಿಡಿದು, "ಇನ್ನು ಇಪ್ಪತ್ನಾಲ್ಕೇ ದಿನ. ಆಮೇಲೆ ಎಲ್ಲ ಸರಿ ಮಾಡೋಣ" ಅಂದರು. ಮನೆಗೆ ಬಂದು ನಿನಗೆ ಕಾಗದ ಬರೆದೆ. ಎಷ್ಟು ಉದ್ಗಾರ ಚಿಹ್ನೆ ಹಾಕಿದೆ ಎಂದು ಎಣಿಸಿ ನೋಡು. ಅಷ್ಟು ಸಲ ನನಗೆ ಗೊತ್ತಿತ್ತು.

ನೀನು ಕುಡಿಯುತ್ತೀಯ ಎಂಬುದು ಹೊಳೆಯಲಿಲ್ಲ ಎಂದರೆ ನಂಬುತ್ತೀಯಾ? ವೇದಿಕೆಯ ಮೇಲೆ ಆ ಮಾತನ್ನು ಕೇಳಿ ಕೇಳಿ, ಅದು ನಿಜವಾಗಿ ಒಬ್ಬಳು ಹೆಂಗಸು ಮಾಡುವ ಕೆಲಸ ಎಂಬುದೇ ನನಗೆ ಮರೆತಿತ್ತು.

ನಿನ್ನ ಕಾಗದ ಇವರಿಗೆ ಓದಲು ಕೊಟ್ಟೆ. ಪೂರ್ತಿ ಓದಿದರು. ಮಡಚಿ ನನ್ನ ಕೈಗೆ ಕೊಟ್ಟು, "ತಾತನಿಗೆ ವಯಸ್ಸೂ ಆಗಿತ್ತಲ್ವಾ" ಅಂದರು. ಹೇಳಿದ ಮೇಲೆ ಅವರ ಮುಖವೂ ಕಪ್ಪಿಟ್ಟಿತು, ಆದರೆ ಹೇಳಿಯಾಗಿತ್ತು. ಜೊತೆಗೆ ಬನ್ನಿ ಎಂದು ಕರೆದೆ. "ನಾನು ಹೋದ್ರೆ ಬಣ ಮುಗೀತು. ಮತ್ತೆ ಆ ಮುದುಕರೇ ಬರ್ತಾರೆ. ಇನ್ನು ಇಪ್ಪತ್ತು ವರ್ಷ ಯಾವ ಹುಡುಗರನ್ನೂ ಯಾರೂ ನಂಬಲ್ಲ" ಅಂದರು. ಅದು ಸುಳ್ಳಲ್ಲ ಅಕ್ಕ. ಹಲಗೆಯ ಪಕ್ಕ ಫೋಟೊ ತೆಗೆಸಿಕೊಂಡ ಆ ಹುಡುಗಿಯ ಮುಖ ಕಣ್ಣ ಮುಂದೆ ಬರುತ್ತದೆ. ಅವಳಿಗೆ ಏನು ಹೇಳಲಿ ಎಂದು ನಾಲ್ಕು ದಿನ ಯೋಚಿಸಿದೆ. ಅದಕ್ಕೇ ಈ ಕಾಗದ ಇಷ್ಟು ತಡ.

ಹಳೆಯ ಮೆಂಬರ್ ನಿನ್ನೆ ಮನೆಗೆ ಬಂದಿದ್ದರು. ಕುರ್ಚಿಯಲ್ಲಿ ಆರಾಮಾಗಿ ಕೂತು, "ಈಗ ನೀವೂ ನಮ್ಮವರಾದ್ರಿ" ಎಂದು ಇವರ ಬೆನ್ನು ತಟ್ಟಿದರು. ಇವರು ನಕ್ಕರು. ಆ ನಗುವನ್ನು ನಾನು ಮುಂಚೆ ನೋಡಿರಲಿಲ್ಲ.

ಇವತ್ತು ಹಲಗೆಯ ಮೇಲೆ 97. ನೂರನೇ ದಿನ ಬೆಳಿಗ್ಗೆ ಹತ್ತಕ್ಕೆ ಸಮಾರಂಭ, ಗುಡ್ಡದ ಗೇಟಿಗೆ ಬೀಗ. ಬ್ಯಾನರ್ ಕಟ್ಟಿದ್ದಾರೆ, "ಮೊದಲ ಲೋಟ ನಾವು ಕುಡಿಯುತ್ತೇವೆ." ಆರು ಜನ ಮೆಂಬರುಗಳೂ ವೇದಿಕೆಯ ಮೇಲೆ ಒಟ್ಟಿಗೆ ಒಂದೊಂದು ಲೋಟ ನೀರು ಕುಡಿಯುತ್ತಾರಂತೆ. ಅಂಗಡಿಯಿಂದ ಬಾಟಲಿ ನೀರಿನ ಪೆಟ್ಟಿಗೆ ತಂದು ಇಟ್ಟಾಗಿದೆ. ಆವತ್ತು ಅಂಕಿ ಬದಲಿಸಲು ನಾನಿರುವುದಿಲ್ಲ.

ಮೊದಲ ವರದಿ ನನ್ನ ಹತ್ತಿರ ಇದೆ, ಲ್ಯಾಬಿನ ಮೊಹರಿನ ಸಮೇತ. ನಾನು ಸಹಿ ಮಾಡಿದ ಕಾಗದದ ಮೂರನೇ ಪ್ರತಿಯೂ ಇದೆ. ಎರಡನ್ನೂ ಅಧಿಕಾರಿಗೆ ಕೊಡುತ್ತೇನೆ. ಏನಾಗುತ್ತದೋ ಆಗಲಿ. ತಿರುಗಿ ಈ ಮನೆಗೆ ಬರುತ್ತೇನೋ ಇಲ್ಲವೋ ಗೊತ್ತಿಲ್ಲ. ರೈಲಿಗೆಂದು ಚೀಲ ತುಂಬುವಾಗ ಇವರು ಪಕ್ಕದಲ್ಲಿ ನಿಂತು ನೋಡುತ್ತಿದ್ದರು. ಮಡಚಿದ ಸೀರೆಯೊಂದು ಜಾರಿ ಬಿದ್ದಾಗ ಎತ್ತಿಕೊಟ್ಟರು.

ಸ್ಟೇಷನ್ನಿಗೆ ಬರಬೇಡ. ಕಪ್ಪೆಗುಂಡಿಯ ದಾರಿಯಲ್ಲೇ ನಡೆದು ಬರುತ್ತೇನೆ, ಸಹಿ ಮಾಡುವ ಮೊದಲು ನಡೆಯಬೇಕಿದ್ದ ದಾರಿ. ಮೊದಲು ಮೂರನೇ ಮನೆ, ಆಮೇಲೆ ತಾತನ ಮನೆ, ಆಮೇಲೆ ನಿನ್ನ ಮನೆ. ಪ್ರತಿ ಬಾಗಿಲಲ್ಲೂ ಸಹಿ ಯಾರದೆಂದು ನಾನೇ ಹೇಳುತ್ತೇನೆ. ನೀನು ಬಾಗಿಲು ತೆಗೆಯದಿದ್ದರೆ ಪಂಪಿನ ಕಟ್ಟೆಯ ಮೇಲೆ ಕೂತಿರುತ್ತೇನೆ.

ಮಂಗಳವಾರ, ಜೂನ್ 22. ಬೆಳಿಗ್ಗೆ ಆರೂವರೆಯ ಪ್ಯಾಸೆಂಜರ್.

ನಿನ್ನ ತಂಗಿ